ಬೋಳು ಅಮಟೆ

ಚಳಿಗಾಲ ಬಂತೆಂದರೆ ಅಮಟೆ ಮರ ಒಂದೆಲೆಯನ್ನೂ ಉಳಿಸಿಕೊಳ್ಳದೆ ಬೋಳಾಗಿ ನಿಲ್ಲುತ್ತದೆ. ಬೈರಮಂಗಲದ ಕಡೆಯ ನಮ್ಮೂರಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಎರಡು ಸಾವಿರದ ಇಸವಿಯಿಂದೀಚೆಗೆ ಹೊಲಗಳ ಮಧ್ಯೆ ಕಾರ್ಖಾನೆಗಳು ಏಳತೊಡಗಿದವಲ್ಲ, ಅವುಗಳ ಜೊತೆ ಬಂದವರಿಗೆ ಹೇಳಿ ಹೇಳಿ ನನ್ನ ಬಾಯಿ ಒಣಗಿತು.

ನಮ್ಮ ಹೊಲದಲ್ಲಿ ಅರ್ಧ ಕಾರ್ಖಾನೆಗೆ ಹೋಯಿತು. ಬದುವಿನ ಮೇಲಿದ್ದ ಅಮಟೆ ಮರವೂ ಅವರ ಕಡೆಗೇ ಸೇರಿತು. ಅವ್ವ ಹೊಲಕ್ಕಾಗಿ ಅಳಲಿಲ್ಲ, ಮರಕ್ಕಾಗಿ ಚಡಪಡಿಸಿದಳು. ಅಮಟೆಕಾಯಿ ಜಜ್ಜಿ ಹಾಕಿದ ಸಾರಿಲ್ಲದಿದ್ದರೆ ಅವಳಿಗೆ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕಾಂಪೌಂಡ್ ಕೆಲಸದ ಮೇಸ್ತ್ರಿಯನ್ನು ಹಿಡಿದು ಮರ ಕಡಿಯಬೇಡವೆಂದು ಬೇಡಿಕೊಂಡೆ.

"ಹಸಿ ಮರ ಮುಟ್ಟಲ್ಲ, ಒಣಗಿರೋದ್ನ ಮಾತ್ರ ಕಡೀತೀವಿ," ಅಂದ.

"ಇದು ಒಣಗಿಲ್ಲ ಕಣಪ್ಪ, ಎಲೆ ಉದುರ್ಸೈತೆ ಅಷ್ಟೇಯ. ಯುಗಾದಿ ಹೊತ್ಗೆ ಚಿಗುರ್ತದೆ."

"ಆಯ್ತು ಬುಡಣ್ಣ."

ಕೆಲವು ದಿನಗಳ ಮೇಲೆ ಕನಕಪುರದಲ್ಲಿ ನೆಂಟರ ಮನೆಯ ನಾಮಕರಣ ಮುಗಿಸಿ ಸಂಜೆ ಬಸ್ಸಿಳಿದು ಬಂದರೆ ಮರ ಮಲಗಿತ್ತು. ಅವತ್ತು ಬೇರೆ ಆಳುಗಳು ಬಂದಿದ್ದರಂತೆ, ಬೋಳು ಮರ ಕಂಡಿತಂತೆ, ಕಡಿದರಂತೆ. ಕಡಿದ ಬುಡದಿಂದ ಅಂಟು ಒಸರುತ್ತಿತ್ತು. ಬೆರಳಿಗೆ ಹಚ್ಚಿಕೊಂಡು ಮೇಸ್ತ್ರಿಯ ಮೂಗಿನ ಮುಂದೆ ಹಿಡಿದೆ.

"ಒಣಗಿದ್ ಮರದಲ್ಲಿ ಇದೆಲ್ಲಿಂದ ಬಂತ್ಲಾ?"

"ಇನ್ನೊಂದು ಗಿಡ ನೆಟ್ಕಳಣ್ಣ," ಎಂದು ಅವನು ಗಾಡಿ ಹತ್ತಿದ. ನನಗೆ ಮೈಯೆಲ್ಲ ಉರಿದುಹೋಯಿತು. ಅದು ಸಾಲದೆಂಬಂತೆ ಅವ್ವ ನನ್ನೊಂದಿಗೆ ಮಾತು ಬಿಟ್ಟಳು. ಕಡಿದವರು ಅವರು, ಅವಳು ಮುಖ ತಿರುಗಿಸಿದ್ದು ನನ್ನಿಂದ.

ಗೋಡೆ ಕಟ್ಟುವ ತನಕ ಇರಲಿ ಎಂದು ಅವರು ಅದೇ ಮರದ ದಪ್ಪ ಕೊಂಬೆಗಳನ್ನು ಕಂಬವಾಗಿ ಹೂಳಿ ಮುಳ್ಳುತಂತಿ ಎಳೆದರು. ಅಮಟೆ ಕೊಂಬೆ ನೆಟ್ಟಲ್ಲೇ ಬೇರು ಬಿಡುತ್ತದೆ ಅನ್ನುವುದೂ ಆ ಮಹಾನುಭಾವರಿಗೆ ಗೊತ್ತಿರಲಿಲ್ಲ. ಮುಂಗಾರು ಬಿದ್ದ ಮೇಲೆ ಒಂದು ಬೆಳಿಗ್ಗೆ ನೋಡಿದರೆ ಕಂಬಗಳು ಚಿಗುರಿದ್ದವು.

ಅವ್ವ ಬೇಲಿಯತ್ತ ಓಡಿದಳು. ಕಾಯಿ ಬಿಡಲು ವರ್ಷಗಳೇ ಬೇಕು, ಆದರೆ ಅಮಟೆಯ ಚಿಗುರೂ ಹುಳಿಯೇ. ಒಂದು ಹಿಡಿ ಕಿತ್ತು ಸೆರಗಿಗೆ ಹಾಕಿಕೊಳ್ಳುತ್ತಿದ್ದಂತೆ ಒಳಗಿನಿಂದ ಸೆಕ್ಯೂರಿಟಿಯವನು ಕೂಗುತ್ತಾ ಬಂದ.

"ಅಮ್ಮೋ, ಕಂಬ ಮುಟ್ಬ್ಯಾಡಿ! ಕಂಪ್ನೀದು ಅದು."

ನಾನು ಜಗಳಕ್ಕೆ ಬಾಯಿ ತೆರೆದೆ. ಅವ್ವ ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದಳು. ಸೆರಗಿನ ಚಿಗುರನ್ನೆಲ್ಲ ತಂತಿಯ ಮೇಲಿಂದ ಅವನ ಕೈಗೆ ಸುರಿದಳು.

"ನಿಮ್ದೇ ಆಗ್ಲಿ ಕಣಪ್ಪ. ಗ್ವಾಡೆ ಕಟ್ಟುವಾಗ ಮಾತ್ರ ಈ ಕಂಬ್ಗಳ್ನ ಕಿತ್ ಬಿಸಾಕ್ಬ್ಯಾಡಿ."