ಖಾಸಿಂಸಾಬಗ ದಿಕ್ಕು ತೋರಿಸಿದ್ದು

ಯುರೋಪಿನ್ಯಾಗ ಸ್ಲೊವೇನಿಯಾ ಅಂತ ಸಣ್ಣ ದೇಶ ಐತ್ರಿ. ಅಲ್ಲಿ ಹೋಗಿ ದಿಕ್ಕು ತೋರಿಸಿ ಬಂದಾಂವ ನಾನು, ಮೂರನೇ ಇಯತ್ತೆ ಫೇಲು, ಯಶವಂತನಗರದಾಗ ಗಣಿ ಲಾರಿ ಹೊಡೆದು ಮುದುಕ ಆದಾಂವ.

ಖಾಸಿಂಸಾಬ ನನ್ನ ಜೋಡಿ ಲಾರಿ ಹೊಡೆದಾಂವ. ಮಗಳು ಆತನ್ನ ದೇಶ ನೋಡಾಕ ಕಳಿಸಾಕ ಹೊಂಟಾಗ, ನೀ ಬರದಿದ್ರ ನಾನೂ ಹೋಗಾಂವಲ್ಲ ಅಂತ ಹಟ ಹಿಡಿದು ನನ್ನ ಕರಕೊಂಡು ಹೋಗಿದ್ದ. ಮುಸಲ್ಮಾನರಿಗೆ ಅನುಕೂಲ ಇರೋ ಹೋಟೆಲ್ಲನ್ನ ಆ ಮಗಳು ಹುಡುಕಿದ್ಲು. ಹಲಾಲ್ ಊಟ, ನಮಾಜಿನ ಚಾಪಿ, ಮಕ್ಕಾ ಯಾವ ಕಡಿ ಅಂತ ಗ್ವಾಡಿ ಮ್ಯಾಲ ಬಾಣದ ಗುರ್ತು, ಎಲ್ಲಾ ಇತ್ತು. ಬಾಣ ನೋಡಿ ಖಾಸಿಂ ಸಿಟ್ಟಾದ.

"ಇದು ತಪ್ಪೈತಲೇ! ಹುಟ್ಟಿದಾಗಿಂದ ಹೊತ್ತು ಮುಳುಗೋ ಕಡಿ ಮಾರಿ ಮಾಡಿ ನಿಂತು ನಮಾಜ್ ಮಾಡೀನಿ. ಇದು ಮೂಡಲಕ್ಕ ತೋರಿಸ್ತತಿ!"

ಕೌಂಟರಿನ ಹೆಣ್ಮಗಳು ಬಂದು ಮತ್ತ ಅದ ಬಾಣ ತೋರಿಸಿದ್ಲು. ಈತ ಒಪ್ಪವಲ್ಲ. ಇಳಿಹೊತ್ತಿನ ಅಸರ್ ನಮಾಜಿನ ಹೊತ್ತು ಮೀರಾಕ ಹತ್ತಿತ್ತು, ಖಾಸಿಂನ ಮಾರಿ ಬಾಡಿತ್ತು.

ನಾನು ನಡುವ ಹೊಕ್ಕೆ. "ಲೇ ಸಾಬ, ಹೊಸಪೇಟಿಯಿಂದ ಹಂಪಿ ಯಾವ ಕಡಿ?"

"ಮೂಡಲಕ್ಕ."

"ಕಂಪ್ಲಿಯಿಂದ?"

"ಪಡುವಲಕ್ಕ."

"ಹಂಗಾರ ಹಂಪಿ ಎದ್ದು ಓಡಾಡ್ತತೇನು? ವಿಮಾನದಾಗ ನಾವು ಮಕ್ಕಾ ದಾಟಿ ಈ ಕಡಿ ಬಂದೀವಿ. ಊರಾಗ ಕಂಪ್ಲ್ಯಾಗ ಇದ್ದಂಗ ಇದ್ವಿ, ಈಗ ಹೊಸಪೇಟ್ಯಾಗ ಅದೀವಿ ಅಂತ ತಿಳಕೋ!"

ಖಾಸಿಂ ಚಾಪಿ ಬಾಣದ ಕಡಿ ತಿರುವಿದ. ಹೆಣ್ಮಗಳು ಖುಷಿಯಾಗಿ ನನಗ ಚಾ ತಂದುಕೊಟ್ಲು.

ನಮಾಜ್ ಮುಗಿಸಿ ಎದ್ದು ಅಂದ, "ನಿನ್ನ ಹೆಸರಿನ್ಯಾಗೂ ದುವಾ ಮಾಡೀನಲೇ, ಇವನ ಬಡಾಯಿ ಕಡಿಮಿ ಆಗ್ಲಿ ಅಂತ."

ದಿಕ್ಕಂತೂ ಸರಿ ಇತ್ರಿ, ತೋರಿಸಿದಾಂವ ನಾನ. ಆದ್ರೂ ಆ ದುವಾ ಮಾತ್ರ ಇನ್ನೂ ಮುಟ್ಟಿಲ್ಲ ನೋಡ್ರಿ.