ಸಂಜೆಗೆ ಬಿಟ್ಬಿಡ್ತಾರೆ

ಕೇಳದಿದ್ದರೂ ಬುದ್ಧಿ ಹೇಳುವುದು ನನ್ನ ಹುಟ್ಟುಗುಣ. ಮಸ್ಕತ್‌ನಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಿದ್ದಾಗಲೂ ಆ ಚಾಳಿ ಬಿಟ್ಟಿರಲಿಲ್ಲ.

ಅಲ್ಲಿ ನನ್ನ ರೂಮಿನಲ್ಲಿದ್ದ ಇನ್ನೊಬ್ಬ ಡ್ರೈವರ್ ಪಾಕಿಸ್ತಾನದ ಬಲೂಚಿಸ್ತಾನದವನು. ನಮ್ಮ ಮಾತುಕತೆ ಹಿಂದಿಯಲ್ಲಿ. ಅವರ ನೆಲದ ಗ್ಯಾಸು ಪೈಪಿನಲ್ಲಿ ದೂರದ ಪಟ್ಟಣಗಳಿಗೆ ಹೋಗುತ್ತದೆ, ತನ್ನ ತಾಯಿ ಮಾತ್ರ ಇನ್ನೂ ಸೌದೆ ಒಲೆ ಊದುತ್ತಾಳೆ ಎನ್ನುತ್ತಿದ್ದ. ಓಟು ಹಾಕುತ್ತೇವೆ, ಗೆಲ್ಲುವವರು ಯಾರೆಂದು ಬೇರೆಲ್ಲೋ ಮೊದಲೇ ತೀರ್ಮಾನವಾಗಿರುತ್ತದೆ ಎನ್ನುತ್ತಿದ್ದ. ನಾನು ನಮ್ಮ ದೇವನಹಳ್ಳಿ ಕಡೆಯ ಕಥೆ ಹೇಳುತ್ತಿದ್ದೆ. ಜಮೀನು ಸ್ವಾಧೀನದ ನೋಟಿಸು ಬಂದರೆ ರಸ್ತೆಯಲ್ಲಿ ಕೂರುತ್ತೇವೆ. ಪೊಲೀಸರು ಬಸ್ಸಿಗೆ ತುಂಬಿ ಕಲ್ಯಾಣ ಮಂಟಪಕ್ಕೆ ಒಯ್ದು, ಚಿತ್ರಾನ್ನ ಕೊಟ್ಟು, ಸಂಜೆಗೆ ಬಿಡುತ್ತಾರೆ. ಪೊಲೀಸರು ಊಟ ಹಾಕುತ್ತಾರೆಂದರೆ ಅವನು ನಂಬದೆ ನಗುತ್ತಿದ್ದ.

ಒಂದು ಬೆಳಗ್ಗೆ ಅವನ ಮನೆಯಿಂದ ಫೋನ್ ಬಂತು. ಕಾಲೇಜಿನಲ್ಲಿ ಓದುತ್ತಿದ್ದ ತಮ್ಮನನ್ನು ಸಮವಸ್ತ್ರದವರು ಹಾಸ್ಟೆಲಿನಿಂದ ಕರೆದೊಯ್ದಿದ್ದರು. ಊರವರು ಹೆದ್ದಾರಿ ತಡೆಯಲು ಸಿದ್ಧರಾಗಿ ಇವನ ಒಪ್ಪಿಗೆಗೆ ಕಾದಿದ್ದರು. ಅವನು ನನ್ನ ಮುಖ ನೋಡಿದ. ಗಲಾಟೆ ಬೇಡ, ಸ್ಟೇಷನ್ನಿಗೆ ಹೋಗಿ ಮರ್ಯಾದೆಯಿಂದ ಕೇಳಲಿ, ಸಂಜೆಗೆ ಬಿಡುತ್ತಾರೆ ಎಂದೆ. ಅವನು ಅದನ್ನೇ ಮನೆಗೆ ಹೇಳಿದ.

ಅಂಥವನನ್ನು ನಾವು ಹಿಡಿದೇ ಇಲ್ಲ ಎಂದರಂತೆ ಸ್ಟೇಷನ್ನಿನಲ್ಲಿ. ಮರುದಿನವೂ ಅದೇ ಉತ್ತರ. ಆಮೇಲೆ ರಸ್ತೆ ತಡೆದರು, ಕೋರ್ಟಿಗೂ ಹೋದರು. ತಮ್ಮ ಸಿಗಲಿಲ್ಲ. ಮೊದಲ ದಿನವೇ ರಸ್ತೆಗಿಳಿದಿದ್ದರೆ ಸಿಗುತ್ತಿದ್ದನೋ ಏನೋ, ನನಗೆ ಗೊತ್ತಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಒಂದು ದಿನವೂ ನನ್ನನ್ನು ದೂರಲಿಲ್ಲ, ನನಗೆ ಅದೇ ಹೆಚ್ಚು ಸಂಕಟ.

ಗೆಳೆಯನ ಇನ್ನೊಬ್ಬ ತಮ್ಮ, ಎಲ್ಲರಿಗಿಂತ ಕಿರಿಯವನು, ಕಾಣೆಯಾದ ಅಣ್ಣನ ಫೋಟೋ ಹಿಡಿದು ವರ್ಷವಿಡೀ ಕಚೇರಿಗಳನ್ನು ಸುತ್ತಿದ. ಕೊನೆಗೆ ಫೋಟೋವನ್ನು ತಾಯಿಯ ಕೈಗಿಟ್ಟು, ಬೆಟ್ಟದಲ್ಲಿದ್ದ ಬಂದೂಕಿನವರನ್ನು ಸೇರಿಕೊಂಡ. ಅವರು ಬಡ ಕೂಲಿಗಳನ್ನು ಬಸ್ಸಿನಿಂದ ಇಳಿಸಿ ಕೊಂದ ಸುದ್ದಿ ಬಂದ ದಿನ ನನ್ನ ಗೆಳೆಯ ಊಟ ಮಾಡಲಿಲ್ಲ. ಅದರಲ್ಲಿ ತನ್ನ ತಮ್ಮನ ಕೈ ಇಲ್ಲದಿರಲಿ ಎಂದು ಗೋಡೆಗೆ ಮುಖ ಮಾಡಿ ಮಲಗಿದ.

ನಾನು ಊರಿಗೆ ಮರಳಿದೆ. ಈಚೆಗೆ ನಮ್ಮ ಧರಣಿಯಲ್ಲಿ ನನ್ನನ್ನೂ ಪೊಲೀಸ್ ಬಸ್ಸಿಗೆ ಹತ್ತಿಸಿದರು. ದೊಡ್ಡ ಶೂರನಂತೆ ಅದರ ಫೋಟೋವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿ, ಫೋನ್ ಸದ್ದಾಗದಂತೆ ಮಾಡಿ ಜೇಬಿಗಿಟ್ಟೆ. ಕಲ್ಯಾಣ ಮಂಟಪದಲ್ಲಿ ಚಿತ್ರಾನ್ನದ ಪೊಟ್ಟಣ ಬಂತು. ಪಕ್ಕದಲ್ಲಿದ್ದ ನಮ್ಮೂರಿನ ಹಿರಿಯರು, "ಯಾಕಪ್ಪಾ ಮಂಕಾಗಿದ್ದೀಯ? ತಿನ್ನು, ಸಂಜೆಗೆ ಬಿಟ್ಬಿಡ್ತಾರೆ," ಎಂದರು. ನನ್ನ ಪೊಟ್ಟಣವನ್ನು ಬಿಚ್ಚದೆ ಅವರ ಕಡೆಗೇ ಸರಿಸಿದೆ.

ಬಿಟ್ಟರು. ಮನೆಗೆ ಬಂದು ನೋಡಿದರೆ ಮಸ್ಕತ್‌ನಿಂದ ಗೆಳೆಯ ಹತ್ತಾರು ಸಲ ಕರೆ ಮಾಡಿದ್ದ. ಮನೆ ಸೇರಿದೆ ಎಂದು ಹೇಳಿದರೂ ಅವನಿಗೆ ಸಾಲಲಿಲ್ಲ. ಅವನು ಕಳಿಸಿದ ಆ ಫೋಟೋ ನೋಡಿದ ಅವನ ತಾಯಿ ಬೆಳಗಿನಿಂದ ಒಲೆ ಹಚ್ಚಿರಲಿಲ್ಲವಂತೆ. ಅವರನ್ನೂ ಅದೇ ಕರೆಗೆ ಸೇರಿಸಿ, ಫೋನನ್ನು ನಿನ್ನ ಮನೆಯ ಹೆಂಗಸರಿಗೆ ಕೊಡು, ಅಮ್ಮ ಅವರ ಬಾಯಿಂದಲೇ ಕೇಳಬೇಕಂತೆ ಎಂದ.

ನನ್ನ ಹೆಂಡತಿಗೆ ಹಿಂದಿ ಬಾರದು. ಫೋನ್ ಇಸಿದುಕೊಂಡು ಕನ್ನಡದಲ್ಲೇ ಹೇಳಿದಳು: "ಬಂದವ್ರೆ ಕಣಮ್ಮಾ. ಮನೇಲೇ ಕೂತವ್ರೆ."

ಆ ಕಡೆ ತಾಯಿ ಅಳತೊಡಗಿದರು.