ದೋಣಿಗೆ ಮೋಟಾರು ಕೂರಿಸಿದ್ದು

ಜೋರಾಪುರ ಪೇಟೆಯ ನನ್ನ ಅಂಗಡಿಯಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವುದೇ ಕೆಲಸ. ಬಾವಿಯ ಪಂಪು, ಹಿಟ್ಟಿನ ಗಿರಣಿ, ಕೂಲರು ಎಲ್ಲ ಬರುತ್ತವೆ. ದೋಣಿಯ ಮೋಟಾರನ್ನು ಮಾತ್ರ ಅದುವರೆಗೆ ಕಂಡಿರಲಿಲ್ಲ. ಹೋದ ವರ್ಷ ಚಳಿ ಮುಗಿಯುವ ಹೊತ್ತಿಗೆ ಕೊರಿಯರಿನವನು ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದನ್ನು ತಂದಿಟ್ಟು ಹೋದ. ಮೇಲೆ ನನ್ನ ಅಂಗಡಿಯ ವಿಳಾಸ, ಕೆಳಗೆ ಭಾವನ ಫೋನ್ ನಂಬರು. ಫೋನ್ ಮಾಡಿದೆ.

"ಬಿಚ್ಚಬ್ಯಾಡ, ನಾ ಬರ್ತೇನಿ. ನಿಮ್ಮಕ್ಕಗ ಏನೂ ಹೇಳಬ್ಯಾಡ" ಎಂದರು ಭಾವ.

ನನ್ನ ಅಕ್ಕನನ್ನು ಕೊಟ್ಟಿರುವುದು ಬಬಲೇಶ್ವರದ ಆಚೆ, ಕೆರೆಯ ದಂಡೆಯ ಒಂದು ಊರಿಗೆ. ಭಾವ ಮೀನು ಹಿಡಿಯುವವರು. ಕಾಲುವೆಯ ನೀರು ಬಂದು ಕೆರೆ ಬೇಸಿಗೆಯಲ್ಲೂ ತುಂಬಿ ನಿಲ್ಲತೊಡಗಿದ ಮೇಲೆ ಅದೇ ಅವರ ಪೂರ್ತಿ ಬದುಕಾಯಿತು. ಅವರು ಹುಟ್ಟು ಹಾಕುತ್ತಿದ್ದರು, ಅಕ್ಕ ಬಲೆ ಬಿಡುತ್ತಿದ್ದಳು. ಒಮ್ಮೆ ತಿಕೋಟಾದ ಸಂತೆಗೆ ಮೀನು ಒಯ್ಯುವಾಗ ಭಾವನ ಬೈಕು ಜಾರಿ ಬಲಭುಜದ ಮೂಳೆ ಮುರಿಯಿತು. ರಾಡು ಹಾಕಿದರು, ಗಾಯ ಮಾಯಿತು, ಆದರೆ ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳಲಿಲ್ಲ. ಅಂದಿನಿಂದ ಹುಟ್ಟು, ಬಲೆ ಎರಡೂ ಅಕ್ಕನ ಪಾಲಿಗೆ ಬಂದವು. ಭಾವ ದಂಡೆಯ ಮೇಲೆ ಜಾಲಿಗಿಡದ ನೆರಳಲ್ಲಿ ಕೂತು, "ಎಡಕ್ಕ ಹೊಳ್ಳು! ಅಲ್ಲಿ ಕಲ್ಲ ಅದಾವು!" ಎಂದು ಕೂಗುತ್ತಿದ್ದರು. ಅಕ್ಕ ಕೇಳಿದರೂ ಕೇಳದವಳಂತೆ ಸಾಗುತ್ತಿದ್ದಳು.

ಮರುದಿನ ಭಾವ ಬಂದು ಪೆಟ್ಟಿಗೆ ಬಿಚ್ಚಿಸಿದರು. ಉದ್ದನೆಯ ಕೋಲು, ಅದರ ಬುಡದಲ್ಲಿ ತೆಂಗಿನಕಾಯಿಯಷ್ಟು ಮೋಟಾರು, ಅದಕ್ಕೊಂದು ಸಣ್ಣ ಫ್ಯಾನು. ಮೇಲೆ ದಿಕ್ಕು ತಿರುಗಿಸಲು ಹಿಡಿಕೆ. ಟ್ರೋಲಿಂಗ್ ಮೋಟಾರು ಅನ್ನುತ್ತಾರಂತೆ. ಬ್ಯಾಟರಿಯಿಂದ ನಡೆಯುತ್ತದೆ, ಸದ್ದಿಲ್ಲ, ಮೀನು ಬೆದರುವುದಿಲ್ಲ. ಯಾವುದೋ ದೇಶದವರು ಅದನ್ನು ನಡೆಸುವುದನ್ನು ಮೊಬೈಲಿನಲ್ಲಿ ನೋಡಿ ತರಿಸಿದ್ದರು.

"ಎಡಗೈಲೆ ನಡಸಬಹುದು ನೋಡು" ಎಂದು ಬೆಂಚಿನ ಮೇಲಿದ್ದ ಹಿಡಿಕೆಯನ್ನೇ ಹಿಡಿದು ಆಚೀಚೆ ತಿರುಗಿಸಿದರು. ಅವರ ಮುಖದಲ್ಲಿ ಅಂಥ ಹುರುಪು ಕಂಡು ಬಹಳ ಕಾಲವಾಗಿತ್ತು. ನೀರಿನ ಡ್ರಮ್ಮಿನಲ್ಲಿ ಇಳಿಸಿ ಬ್ಯಾಟರಿ ಹಚ್ಚಿದೆ. ನೀರು ಎದ್ದು ಬಂದು ಇಬ್ಬರಿಗೂ ಸ್ನಾನವಾಯಿತು. ಭಾವ ಮಗುವಿನ ಹಾಗೆ ನಕ್ಕರು.

ರವಿವಾರ ಬೆಳಿಗ್ಗೆ ಅದನ್ನು ಕೆರೆಗೆ ಒಯ್ದೆವು. ಅಕ್ಕ ಅದನ್ನು ಒಮ್ಮೆ ನೋಡಿ, ಬಲೆ ಬಿಡಿಸುತ್ತ ಕೂತಳು. ದೋಣಿ ಫೈಬರಿನದು, ಹಿಂಬದಿಯ ಅಂಚು ತೆಳು. ಮೋಟಾರನ್ನು ಅಂಚಿಗೆ ಕಚ್ಚಿಸುವ ಕ್ಲಾಂಪನ್ನು ಬಿಗಿ ಮಾಡಿದರೆ ಅಂಚು ಚಿಟಚಿಟ ಅಂದಿತು. ಒಳಗೊಂದು ಹೊರಗೊಂದು ಹಲಗೆ ಕೊಟ್ಟು, ನಡುವೆ ಬೋಲ್ಟು ಹಾಯಿಸದೆ ಗತಿಯಿರಲಿಲ್ಲ. ಬಬಲೇಶ್ವರಕ್ಕೆ ಹೋಗಿ ಸಾಗವಾನಿ ಹಲಗೆ ತಂದೆ. ಗುರುತು ಹಾಕಿ ಡ್ರಿಲ್ ಎತ್ತಿಕೊಂಡಾಗ ಅಕ್ಕ ಬಂದು ಆ ಗುರುತಿನ ಮೇಲೆ ಅಂಗೈ ಇಟ್ಟಳು.

"ತೂತು ಹಾಕ್ತೀಯೇನೋ ನನ್ನ ದೋಣಿಗೆ?"

ಆ 'ನನ್ನ' ಕೇಳಿ ಭಾವ ತಲೆ ಎತ್ತಿದರು. ದೋಣಿ ಕೊಂಡವರು ಅವರು. ಊರೆಲ್ಲ ಅದನ್ನು ಅವರ ದೋಣಿ ಎಂದೇ ಕರೆಯುತ್ತಿತ್ತು.

"ದಿನಾ ಒಬ್ಬಾಕಿನ ನಡಸ್ತೇನಿ. ಗಾಳಿ ಬಿಟ್ಟಾಗ ಎಲ್ಲಿಂದ ನೀರ ಒಳಗ ಬರ್ತೈತಿ ನನಗ ಗೊತ್ತು. ನೀವಿಬ್ಬರೂ ಮಾತಾಡಿಕೊಂಡು ಬಂದ್ರಿ. ನನ್ನ ಒಂದು ಮಾತು ಕೇಳಿದ್ರೇನು?"

ನಾನು ಡ್ರಿಲ್ ಕೆಳಗಿಟ್ಟೆ. ಆಕೆಯ ಕಷ್ಟ ಕಡಿಮೆಯಾಗಲಿ ಎಂದು ತರಿಸಿದ್ದು ಅಂತ ಭಾವ ಹೇಳಬಹುದು ಅಂದುಕೊಂಡಿದ್ದೆ. ಅವರು ಹಾಗೆ ಹೇಳಲಿಲ್ಲ.

"ನಿನ್ನ ಸಲುವಾಗಿ ತರಿಸಿದ್ದಲ್ಲ. ಖರೇ ಹೇಳ್ತೇನಿ. ನನಗ ದಂಡಿ ಮ್ಯಾಲ ಕುಂಡ್ರೂದು ಆಗವಲ್ದು."

ಅಕ್ಕ ಕೈ ತೆಗೆದು ನನ್ನ ಪೆನ್ಸಿಲ್ ಇಸಿದುಕೊಂಡಳು. "ಇಲ್ಲಿ ಬ್ಯಾಡ. ಇದು ಎಡಕ್ಕ ವಾಲತೈತಿ. ತುಸು ಬಲಕ್ಕ ಹಾಕು" ಎಂದು ತಾನೇ ಹೊಸ ಗುರುತು ಹಾಕಿದಳು.

ಬೋಲ್ಟು ಬಿಗಿದು, ತೂತಿನ ಸುತ್ತ ಅಂಟು ಮೆತ್ತಿ, ಅದು ಗಟ್ಟಿಯಾದ ಮೇಲೆ ಮೂವರೂ ಹತ್ತಿದೆವು. ಭಾವ ಹಿಂದೆ, ನಾನೂ ಹಿಂದೆ, ಭಾರದ ಬ್ಯಾಟರಿಯೂ ಹಿಂದೆ. ದೋಣಿಯ ಮೂತಿ ಮೇಲೆದ್ದು ಅದು ನಿಂತಲ್ಲೇ ಸುತ್ತತೊಡಗಿತು. ಅಕ್ಕ ತಡೆಯಲಾರದೆ ನಕ್ಕಳು. ಉದ್ದನೆಯ ವೈರು ಹಾಕಿ ಬ್ಯಾಟರಿಯನ್ನು ನಡುವಿಗೆ ಸರಿಸಿದೆವು. ಆಮೇಲೆ ದೋಣಿ ನೆಟ್ಟಗೆ ಹೊರಟಿತು. ಸದ್ದೇ ಇಲ್ಲ. ದಂಡೆ ತಾನಾಗಿ ಹಿಂದೆ ಸರಿಯುತ್ತಿದೆ ಅನಿಸಿತು. ಭಾವ ಎಡಗೈಯಲ್ಲಿ ಹಿಡಿಕೆ ಹಿಡಿದು, ಕಣ್ಣು ಸಣ್ಣ ಮಾಡಿಕೊಂಡು ಕೂತಿದ್ದರು. ನಾನು ಅವರ ಕಡೆ ನೋಡದಿರಲು ಪ್ರಯತ್ನಿಸಿದೆ.

"ನಿಲ್ಲಸ್ರಿ!" ಮುಂದೆ ಕೂತಿದ್ದ ಅಕ್ಕ ಕೂಗಿದಳು.

ಅಷ್ಟರಲ್ಲಿ ಮೋಟಾರು ಗುರ್ ಎಂದು ನಿಂತುಬಿಟ್ಟಿತು. ಫ್ಯಾನಿಗೆ ಬಲೆ ಸುತ್ತಿಕೊಂಡಿತ್ತು, ಅವರದೇ ಬಲೆ. ಗಾಳಿ ದೋಣಿಯನ್ನು ಅಡ್ಡ ತಿರುಗಿಸಿತು. ಈಜು ಬಾರದ ನಾನು ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅಕ್ಕ ಹಿಂದೆ ಬಂದು, ಕೋಲನ್ನು ಮೇಲೆತ್ತಿ, ಚಾಕುವಿನಿಂದ ಬಲೆಯ ಒಂದೊಂದೇ ಕಣ್ಣು ಕೊಯ್ಯತೊಡಗಿದಳು.

"ಬಲಿ ಆ ಕಲ್ಲಿನ ಕಡೆ ಇರ್ತಿತ್ತಲ್ಲ" ಎಂದರು ಭಾವ.

"ಅಲ್ಲಿ ಈಗ ಮೀನ ಬೀಳೂದಿಲ್ಲ. ನೀರು ಏರಿದ ಮ್ಯಾಲ ಇತ್ತ ಹಾಕಾಕತ್ತೇನಿ."

"ನನಗ ಹೇಳಲಿಲ್ಲ ನೀ."

"ದಂಡಿಮ್ಯಾಲಿಂದ ಒದರಿದ್ರಿ. ಎಂದಾರ ನನ್ನ ಕೇಳಿದ್ರೇನು?"

ಬಲೆಯ ಚೂರು ನೀರಿಗೆ ಬೀಳದಂತೆ ಅಕ್ಕ ಅವನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು. ಭಾವ ಅವನ್ನೇ ನೋಡುತ್ತಿದ್ದರು. ತಾವು ದಂಡೆಯ ಮೇಲಿಂದ ಕಂಡು ಕೂಗುತ್ತಿದ್ದ ಕೆರೆ ಬೇರೆ, ಈಗ ಕೂತಿರುವ ಕೆರೆ ಬೇರೆ ಎಂದು ಅವರಿಗೆ ಆಗ ಹೊಳೆದಿರಬೇಕು. ಇದು ನನ್ನ ಊಹೆ. ಅವರೆಂದೂ ಹಾಗೆ ಹೇಳಿಲ್ಲ. ಹೇಳಿದ್ದು ಇಷ್ಟೇ: "ಈಗ ಕೇಳ್ತೇನಿ. ಎಲ್ಲೆಲ್ಲಿ ಹಾಕೀದಿ, ತೋರಸು."

ಅಕ್ಕ ಮತ್ತೆ ಮುಂದೆ ಹೋಗಿ ಕೂತಳು. ಕೈ ಚಾಚಿ ತೋರಿಸಿದಳು, ಭಾವ ಹಾಗೆ ತಿರುಗಿಸಿದರು. ಬಿಸಿಲು ನೆತ್ತಿಗೇರುವವರೆಗೆ ಕೆರೆಯನ್ನೆಲ್ಲ ಸುತ್ತಿದೆವು. ಬಲೆ ಹಾಕಿದ ಪ್ರತಿ ಜಾಗಕ್ಕೂ ಅಕ್ಕನ ಬಳಿ ಒಂದು ಕಾರಣವಿತ್ತು. ಭಾವ ಒಂದೆರಡು ಕಡೆ ವಾದ ಮಾಡಿದರು, ಉಳಿದ ಕಡೆ ಹೂಂಗುಟ್ಟಿದರು.

ಈಗ ಇಬ್ಬರೂ ಕೂಡಿಯೇ ಹೋಗುತ್ತಾರೆ. ಗಾಳಿ ಜೋರಿದ್ದ ದಿನ ಆ ಸಣ್ಣ ಮೋಟಾರಿನ ಆಟ ನಡೆಯುವುದಿಲ್ಲ. ಅಂಥ ದಿನ ಅಕ್ಕ ಒಬ್ಬಳೇ ಹುಟ್ಟು ಹಾಕಿಕೊಂಡು ಹೋಗುತ್ತಾಳೆ, ಭಾವ ಮನೆಯಲ್ಲಿ ಹರಿದ ಬಲೆ ಹೆಣೆಯುತ್ತಾರೆ.

ಮೊನ್ನೆ ಇಬ್ಬರೂ ಜಲನಗರದ ನಮ್ಮ ಮನೆಗೆ ಬಂದಿದ್ದರು. ಭುಜ ಹೇಗಿದೆ ಎಂದು ಕೇಳಿದರೆ ಭಾವ ಅದನ್ನು ಬಿಟ್ಟು ಕೆರೆಯ ಮಾತು ತೆಗೆದರು. ಬೇಸಿಗೆಯಲ್ಲಿ ರೋಹು ಮೀನು ಎಲ್ಲಿ ಸೇರುತ್ತದೆ ಎಂದು ವಿವರಿಸತೊಡಗಿದಾಗ ಅಡುಗೆಮನೆಯಿಂದ ಅಕ್ಕನ ದನಿ ಬಂತು: "ಅಲ್ಲಲ್ಲ, ಅದು ಹುಣಸಿಗಿಡದ ಕಡೆ."

"ಹಾಂ, ಹುಣಸಿಗಿಡದ ಕಡೆ" ಎಂದು ತಿದ್ದಿಕೊಂಡು ಭಾವ ಮಾತು ಮುಂದುವರಿಸಿದರು.